ಜೋಡಿ ಕರಡಿ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಅವಳನ್ನು ಎಲ್ಲರೂ ಬೆಡ್‌ಶೀಟಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿನ ಹಬೆ ಮಿಷೀನುಗಳಲ್ಲಿ ಒಗೆದು ಬಂದ ಚಾದರಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಹರಿದದ್ದನ್ನು ಒಂದು ಬುಟ್ಟಿಗೆ, ಕಲೆ ಬಿಡದ್ದನ್ನು ಇನ್ನೊಂದಕ್ಕೆ ಎಸೆದು, ಉಳಿದದ್ದನ್ನು ಮಡಚಿ ವಾರ್ಡುಗಳಿಗೆ ಕಳಿಸುವುದು ಅವಳ ಕೆಲಸ. ಅಷ್ಟು ವರ್ಷ ಅಲ್ಲಿ ದುಡಿದರೂ ಮೇಲಿನ ಮಹಡಿಗಳನ್ನು ಸರಿಯಾಗಿ ನೋಡಿರಲಿಲ್ಲ. ಚಾದರಗಳು ಸಾಮಾನಿನ ಲಿಫ್ಟಿನಲ್ಲಿ ಹೋಗುತ್ತಿದ್ದವು. ಅವಳು ಇಲ್ಲೇ ಉಳಿಯುತ್ತಿದ್ದಳು. ಮದುವೆಯಾಗಿರಲಿಲ್ಲ. "ಊರಿಗೆಲ್ಲ ಹಾಸಿಗೆ ಹಾಸ್ಕೊಟ್ಟು ನೀನು ಮಾತ್ರ ಒಬ್ಳೇ ಮಲಗ್ತೀಯಲ್ಲೇ" ಎಂದು ಇಸ್ತ್ರಿಯ ಹೆಂಗಸು ರೇಗಿಸಿದರೆ ತಾನೂ ನಗುತ್ತಿದ್ದಳು.

ಅವಳ ಮನೆ ಟಯರ್ ಅಂಗಡಿಯೊಂದರ ಮೇಲೆ, ಮೂರನೇ ಮಹಡಿಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ. ಕೆಳಗಿನ ಮನೆಯಲ್ಲಿದ್ದ ಸಂಗೀತದ ಮೇಡಂ ತೀರಿಕೊಂಡಾಗ ಹಿಂದೆ ಮುಂದೆ ಯಾರೂ ಇರಲಿಲ್ಲವೆಂದು ಮಾಲೀಕ ಆಕೆಯ ಸಾಮಾನನ್ನೆಲ್ಲ ಫುಟ್‌ಪಾತಿಗೆ ತಂದು ಸುರಿದ. ಡ್ಯೂಟಿ ಮುಗಿಸಿ ಬರುತ್ತಿದ್ದ ಬೆಡ್‌ಶೀಟಕ್ಕ ಅಲ್ಲಿ ನಿಂತಳು. ಹೋಗಿ ಬರುವವರು ಕಾಲಿನಿಂದ ಕೆದಕಿ ನೋಡುತ್ತಿದ್ದರು. ಒಬ್ಬ ಕಟ್ಟು ಹಾಕಿಸಿದ ಒಂದು ಫೋಟೊ ಎತ್ತಿಕೊಂಡ. ಮೇಡಂ ವಯಸ್ಸಿನ ಹುಡುಗಿಯಾಗಿದ್ದಾಗ ತೆಗೆಸಿದ್ದು. ಅವನು ಕಟ್ಟಿನ ಹಿಂಭಾಗ ಬಿಚ್ಚಿ, ಫೋಟೊವನ್ನು ನೆಲದ ಮೇಲಿಟ್ಟು, ಬರೀ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದ.

ಅವತ್ತು ಅವಳಿಗೆ ಅನ್ನ ಸೇರಲಿಲ್ಲ. ಕುರ್ಚಿ ಹತ್ತಿ ಬೀರುವಿನ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದಳು. ಅದರೊಳಗೆ ಎರಡು ಗುಳಿ. ಒಂದರಲ್ಲಿ ಡೋಲು ಬಾರಿಸುವ ತಗಡಿನ ಕರಡಿ. ಕೀ ಕೊಟ್ಟರೆ ಇವತ್ತಿಗೂ ತಲೆ ಅಲ್ಲಾಡಿಸುತ್ತ ಬಾರಿಸುತ್ತಿತ್ತು. ಇನ್ನೊಂದು ಗುಳಿ ಖಾಲಿ. ಅದರಲ್ಲಿ ಇರಬೇಕಾಗಿದ್ದ ಸೈಕಲ್ ತುಳಿಯುವ ಕರಡಿ ತಮ್ಮನ ಹತ್ತಿರ ಇತ್ತು. ಅಪ್ಪ ಆಟಿಕೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಅಂಗಡಿ ಮುಚ್ಚಿದ ದಿನ ಯಜಮಾನರು ಶೋಕೇಸಿನಲ್ಲಿದ್ದ ಜೋಡಿಯನ್ನು ಪೆಟ್ಟಿಗೆ ಸಮೇತ "ಮಕ್ಕಳಿಗೆ ಕೊಡಪ್ಪಾ" ಎಂದು ಕೊಟ್ಟು ಕಳಿಸಿದ್ದರು. ಕೆಲಸ ಸಿಕ್ಕಿ ಮನೆ ಬಿಡುವಾಗ ತಮ್ಮ ತನ್ನ ಕರಡಿಯನ್ನು ಒಂದು ಅಂಗಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋಗಿದ್ದ.

ತನ್ನ ಕಾಲ ಮುಗಿದ ಮೇಲೆ ಇದನ್ನೂ ಯಾರಾದರೂ ಕಾಲಿನಿಂದ ಕೆದಕುತ್ತಾರೆ ಎನ್ನಿಸಿತು. ಮರುದಿನ ಇಸ್ತ್ರಿಯ ಹೆಂಗಸಿನ ಹತ್ತಿರ ಹೇಳಿಕೊಂಡಳು.

"ಅಯ್ಯೋ, 'ಅಟ್ಟದ ನಿಧಿ' ನೋಡಲ್ವಾ ನೀನು? ಹಳೇ ಸಾಮಾನು ತಗೊಂಡ್ಹೋದ್ರೆ ಪರೀಕ್ಷೆ ಮಾಡಿ, ಅಲ್ಲೇ ಹರಾಜು ಹಾಕ್ತಾರೆ. ಕೊಳ್ಳೋರೆಲ್ಲ ಅದರ ಹುಚ್ಚು ಹಿಡಿದೋರೇ. ಜೋಪಾನವಾಗಿ ಇಟ್ಕೊಳ್ತಾರೆ."

"ಟಿವಿಗಾ? ನಾನಾ? ಈ ಮುಖ ಇಟ್ಕೊಂಡು?"

"ಮುಖಕ್ಕೆ ಅವರೇ ಬಣ್ಣ ಹಚ್ತಾರೆ, ನಿನ್ನದೇನು ಗಂಟು ಹೋಗುತ್ತೆ?" ಎಂದು ಅವಳೇ ಫೋನಿನಲ್ಲಿ ಕರಡಿಯ ಚಿತ್ರ ತೆಗೆದು ಕಳಿಸಿಬಿಟ್ಟಳು.

ಚಾನೆಲಿನಿಂದ ಒಬ್ಬಾಕೆ ಫೋನು ಮಾಡಿದಳು. ಮೊದಲು ಕರಡಿಯ ಬಗ್ಗೆ ಕೇಳಿದಳು. ಆಮೇಲೆ ಅಪ್ಪನ ಬಗ್ಗೆ, ಮನೆಯ ಬಗ್ಗೆ. ಎರಡು ದಿನ ಬಿಟ್ಟು ಮತ್ತೆ ಮಾಡಿದಳು. ದನಿ ಮೃದುವಾಗಿತ್ತು, ಅವಸರವಿರಲಿಲ್ಲ. ಬೆಡ್‌ಶೀಟಕ್ಕನನ್ನು ಅಷ್ಟು ಪ್ರಶ್ನೆ ಯಾರೂ ಕೇಳಿರಲಿಲ್ಲ. ಸಂಜೆ ಸ್ನಾನಕ್ಕೆ ಹೋಗುವಾಗ ಫೋನನ್ನು ಬಚ್ಚಲ ಕಿಟಕಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವಾಯಿತು. ಹಾಗೇ ಒಂದು ಸಂಜೆ, ಖಾಲಿ ಗುಳಿಯ ವಿಷಯ ಬಂದಾಗ, ಎಲ್ಲವನ್ನೂ ಹೇಳಿಬಿಟ್ಟಳು.

ಅಮ್ಮ ಕೊನೆಯ ದಿನಗಳನ್ನು ಅವಳ ಕೋಣೆಯಲ್ಲೇ ಕಳೆದಿದ್ದಳು. ಅವಳು ತೀರಿಹೋದ ದಿನ ತಮ್ಮನಿಗೆ ಎಷ್ಟು ಸಲ ಫೋನು ಮಾಡಿದರೂ ಸಿಗಲಿಲ್ಲ. ಬೇಸಿಗೆ, ಹೆಣ ಇಟ್ಟುಕೊಳ್ಳುವಂತಿರಲಿಲ್ಲ. ಎಲ್ಲ ಮುಗಿಸಿ, ಮನೆ ತೊಳೆದು ಕೂತ ಮೇಲೆ ಹೆಂಡತಿಯ ಜೊತೆ ತಮ್ಮ ಬಂದು ಬಾಗಿಲಲ್ಲಿ ನಿಂತ. "ನನ್ನ ತಾಯಿ ಮುಖ ನೋಡೋಕೂ ಬಿಡಲಿಲ್ಲ ನೀನು" ಎಂದ. ಅವಳೂ ಸುಮ್ಮನಿರಲಿಲ್ಲ. "ಬದುಕಿದ್ದಾಗ ನೋಡೋಕೆ ಯಾರು ಬೇಡ ಅಂದಿದ್ರು?" ಎಂದಳು. ಅವನು ಹೊಸಿಲು ದಾಟದೆ ಹಾಗೇ ಹಿಂದಿರುಗಿದ. ತಮ್ಮನ ಹೆಂಡತಿ ಮಾತ್ರ ಮೆಟ್ಟಿಲಿಳಿಯುವ ಮೊದಲು ಇವಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

"ಪಾಪ ಮೇಡಂ" ಎಂದಳು ಫೋನಿನಾಕೆ. "ತಮ್ಮನವರು ಯಾವ ಕಡೆ ಇರೋದು?"

ಅವಳು ಯಾಕೆ ಕೇಳುತ್ತಿದ್ದಾಳೆಂದು ಯೋಚಿಸದೆ ಇವಳು ಬಡಾವಣೆಯ ಹೆಸರು ಹೇಳಿದಳು.

ಸ್ಟುಡಿಯೋ ಎಂದರೆ ಊರಾಚೆಯ ಒಂದು ಗೋದಾಮು. ಒಳಗೆ ಪ್ಲೈವುಡ್ಡಿನಲ್ಲಿ ಸುಳ್ಳು ಅಟ್ಟ ಕಟ್ಟಿದ್ದರು. ಒಬ್ಬ ಡಬ್ಬಿಯಿಂದ ಜೇಡರ ಬಲೆ ಸಿಂಪಡಿಸುತ್ತಿದ್ದ. ಹೆಂಗಸರ ಸಾಲೊಂದನ್ನು ಚಪ್ಪಾಳೆ ತಟ್ಟಲು ಕರೆತಂದಿದ್ದರು. ಅವರು ಚಳಿಗೆ ಸೆರಗು ಹೊದ್ದು ಆಕಳಿಸುತ್ತಿದ್ದರು. ಫೋನಿನಾಕೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಬೆಡ್‌ಶೀಟಕ್ಕ ಅವಳ ದನಿಯನ್ನು ಗುರುತು ಹಿಡಿದು ಎದ್ದು ನಿಂತು ನಕ್ಕಳು. ಅವಳು ಹೆಗಲು ತಟ್ಟಿ, "ಕೂತ್ಕೊಳಿ ಮೇಡಂ, ನಿಮ್ಮದು ನಾಲ್ಕನೇದು" ಎಂದು ಮುಂದೆ ಹೋದಳು.

ಸರದಿ ಬಂತು. ನಿರೂಪಕ ಹೊಳೆಯುವ ಕೋಟಿನವನು. ಕ್ಯಾಮೆರಾ ಹತ್ತಿದರೆ ನಗು, ಆರಿದರೆ ಸೊಂಟ ನೋವು. ಬೆಲೆ ಹೇಳುವ ಪರಿಣತರು ಬಿಳಿ ಕೈಗವಸು ಹಾಕಿ ಕರಡಿಯನ್ನು ತಿರುಗಿಸಿ ನೋಡಿದರು. ಬಣ್ಣ ಅಚ್ಚಳಿಯದೆ ಉಳಿದಿದೆಯೆಂದರು, ಪೆಟ್ಟಿಗೆ ಸಿಗುವುದೇ ಅಪರೂಪವೆಂದರು. ಅವಳಿಗೆ ಅಪ್ಪನನ್ನೇ ಹೊಗಳಿದಂತಾಯಿತು.

"ಆದ್ರೆ ಇದು ಒಂಟಿ ಕರಡಿ" ಎಂದರು ಅವರು. "ಜೋಡಿ ಇದ್ದಿದ್ರೆ ಮಾತೇ ಬೇರೆ."

"ಎಲ್ಲಿದೆ ಅಮ್ಮಾ ಇನ್ನೊಂದು?" ಎಂದ ನಿರೂಪಕ.

"ನನ್ನ ತಮ್ಮನ ಹತ್ರ ಇತ್ತು. ಈಗ ಇದೆಯೋ ಇಲ್ವೋ."

"ನಿಮಗೆ ಗೊತ್ತಿಲ್ಲ. ನಮಗೆ ಗೊತ್ತಿದೆ!"

ಅಟ್ಟದ ಬಾಗಿಲು ತೆರೆಯಿತು. ಬಿಳಿ ಹೊಗೆ ಬಂತು. ಹೊಗೆಯೊಳಗಿಂದ ಒಂದು ಪ್ಲಾಸ್ಟಿಕ್ ಚೀಲ ಹಿಡಿದ ಮುದುಕ ಬಂದ. ಒಂದು ಕ್ಷಣ ಅವಳಿಗೆ ಅದು ಅಪ್ಪನೇ ಎನ್ನಿಸಿತು. ಗುಂಡು ಗುಂಡಾಗಿದ್ದ ತಮ್ಮ, ಮನೆಯಲ್ಲಿ ಎಲ್ಲರೂ ಗುಂಡ ಎಂದು ಕರೆಯುತ್ತಿದ್ದವನು, ಹ್ಯಾಂಗರಿಗೆ ತೂಗುಹಾಕಿದ ಅಂಗಿಯಂತೆ ಇದ್ದ.

ಇಬ್ಬರೂ ನಿಂತಲ್ಲೇ ನಿಂತರು. ಅವನ ತುಟಿ ಏನೋ ಹೇಳಲು ಅಲುಗಿತು. ಅಷ್ಟರಲ್ಲಿ ಮೈಕಿನಿಂದ ಒಂದು ದನಿ ಕೂಗಿತು: "ಕಟ್! ಹೊಗೆ ಜಾಸ್ತಿ ಆಯ್ತು, ಅಣ್ಣನ ಮುಖಾನೇ ಕಾಣ್ತಿಲ್ಲ. ಇನ್ನೊಂದ್ಸಲ."

"ತಮ್ಮ" ಎಂದಳು ಅವಳು. ಯಾರಿಗೂ ಕೇಳಿಸಲಿಲ್ಲ.

ಅವನನ್ನು ಮತ್ತೆ ಬಾಗಿಲ ಹಿಂದೆ ಕರೆದೊಯ್ದರು. ಹೆಡ್‌ಫೋನಿನ ಹೆಂಗಸು ಬಂದು, "ಮೇಡಂ, ಬಾಗಿಲು ತೆಗೆದ ತಕ್ಷಣ ನೀವು ಓಡ್ಹೋಗಿ ತಬ್ಬಿಕೊಳ್ಳಿ. ಅಳು ಬಂದ್ರೆ ತಡೀಬೇಡಿ" ಎಂದಳು. ಈ ಸಲ ಹೊಗೆ ಕಡಿಮೆ ಬಂತು. ಅವಳು ಹೇಳಿದಂತೆ ಹೋದಳು, ಹೇಳಿದಂತೆ ತಬ್ಬಿಕೊಂಡಳು. ಹೆಂಗಸರು ಚಪ್ಪಾಳೆ ತಟ್ಟಿದರು. ತಮ್ಮನ ಕಾಲರಿನಲ್ಲಿ ಸೋಪಿನ ಘಾಟು ಇತ್ತು. ಸರಿಯಾಗಿ ಜಾಲಿಸದೆ ಒಣಹಾಕಿದ ಬಟ್ಟೆಯ ಘಾಟು. ಬಿಳಿ ಅಂಗಿಯ ಗುಂಡಿಯೊಂದನ್ನು ಕಪ್ಪು ದಾರದಲ್ಲಿ ಹೊಲಿದಿತ್ತು. ಇದನ್ನು ಹೆಂಗಸು ಹೊಲಿದಿಲ್ಲ ಎಂದುಕೊಂಡಳು. ಅಳು ಬರಲಿಲ್ಲ.

ಜೋಡಿಯನ್ನು ಒಬ್ಬ ಹಲ್ಲಿನ ಡಾಕ್ಟರು ಕೊಂಡರು. ಕ್ಲಿನಿಕ್ಕಿನಲ್ಲಿ ಗಾಜಿನ ಕಪಾಟು ಮಾಡಿಸಿದ್ದೇನೆ, ಹಲ್ಲು ಕೀಳಿಸಿಕೊಳ್ಳಲು ಬರುವ ಮಕ್ಕಳು ನೋಡಿ ಅಳು ನಿಲ್ಲಿಸುತ್ತಾರೆ ಎಂದರು. "ನಿಮಗಿಬ್ಬರಿಗೂ ಒಪ್ಪಿಗೆನಾ?" ಎಂದು ನಿರೂಪಕ ಕೇಳಿದಾಗ ಅಕ್ಕ ತಮ್ಮನ ಮುಖ ನೋಡಿದಳು, ತಮ್ಮ ಅಕ್ಕನ ಮುಖ ನೋಡಿದ. ಇಬ್ಬರೂ ತಲೆಯಾಡಿಸಿದರು. ಸೈಕಲ್ ಕರಡಿಯನ್ನು ಅದರ ಗುಳಿಗೆ ಕೂರಿಸಿ ಮುಚ್ಚಳ ಹಾಕಿದರು.

ಹೊರಗೆ ಇಬ್ಬರಿಗೂ ಸೇರಿ ಒಂದೇ ಕಾರು ನಿಂತಿತ್ತು. ಒಡಹುಟ್ಟಿದವರಲ್ಲವೇ, ಒಟ್ಟಿಗೆ ಹೋಗುತ್ತಾರೆ ಎಂದುಕೊಂಡಿದ್ದರು. ತಮ್ಮ ಒಂದು ಕಿಟಕಿಗೆ ಅಂಟಿ ಕೂತ, ಅವಳು ಇನ್ನೊಂದಕ್ಕೆ. ಅವನ ಕಿವಿಯ ಹತ್ತಿರ ಪೌಡರು ಉಳಿದಿತ್ತು. ಒರೆಸು ಎನ್ನಬೇಕೆಂದುಕೊಂಡು ಕಿಟಕಿಯಾಚೆ ನೋಡಿದಳು. ಸೇತುವೆ ದಾಟಿದ ಮೇಲೆ ಅವಳೇ ಬಾಯಿ ಬಿಟ್ಟಳು.

"ಮನೇಲಿ ಹೇಗಿದಾಳೆ?"

"ಯಾರು?"

"ಯಾರು ಅಂದ್ರೆ? ನಿನ್ನ ಹೆಂಡ್ತಿ ಕಣೋ."

"ಇಲ್ಲ."

"ಇಲ್ಲ ಅಂದ್ರೆ? ಎಲ್ಲಿಗೆ ಹೋಗಿದಾಳೆ?"

"ಹೋದ ಚಳಿಗಾಲದಲ್ಲಿ ತೀರ್ಕೊಂಡ್ಲು ಅಕ್ಕಾ. ಕಿಡ್ನಿ ಹೋಗಿತ್ತು. ನಿಮ್ಮ ಆಸ್ಪತ್ರೇಲೇ ಇದ್ಲು ಕೊನೆಗೆ."

ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ನೋಡಿ ರೇಡಿಯೊ ಸಣ್ಣದು ಮಾಡಿದ.

"ನಮ್ಮ ಆಸ್ಪತ್ರೇಲಿ? ನಾನು ಅಲ್ಲೇ ಇದ್ನಲ್ಲೋ. ನಂಗೊಂದು ಮಾತು ಹೇಳಬಾರದಿತ್ತಾ?"

"ಅವಳೇ ಹೇಳಿದ್ಲು, ಅಕ್ಕನ್ನ ಕರ್ಕೊಂಡ್ ಬನ್ನಿ ಅಂತ. ಬಂದಿದ್ದೆ. ಕೆಳಗಡೆ ತನಕ. ನೀನು ಆ ಕಡೆ ತಿರುಗಿ ಬಟ್ಟೆ ನೋಡ್ತಿದ್ದೆ. ಕರೆದೆ. ಮಿಷೀನಿನ ಸದ್ದಿಗೆ ಕೇಳಿಸಲಿಲ್ಲ ಅನ್ಸುತ್ತೆ."

"ಇನ್ನೊಂದ್ಸಲ ಕರೀಬೇಕಿತ್ತು."

"ಹೂಂ" ಎಂದ ಅವನು. ಮತ್ತೆ ತಾನೇ ಹೇಳಿದ: "ಕರೀಬೇಕಿತ್ತು."

ಅವಳು ಸೀಟಿನ ಮೇಲಿದ್ದ ಅವನ ಕೈಯನ್ನು ನೋಡಿದಳು. ಹಿಡಿಯಬಹುದಿತ್ತು. ಅಷ್ಟು ಜನರೆದುರು ತಬ್ಬಿಕೊಂಡವಳಿಗೆ ಕಾರಿನ ಕತ್ತಲಲ್ಲಿ ಕೈ ಚಾಚಲು ಆಗಲಿಲ್ಲ.

ಅವನ ಮನೆ ಮೊದಲು ಬಂತು. ಇಳಿದು, ಬಾಗಿಲು ಹಿಡಿದು ನಿಂತ. "ಬರ್ತೀಯಾ? ಟೀ ಮಾಡ್ತೀನಿ. ಮನೆಯೆಲ್ಲ ಗಲೀಜಾಗಿದೆ."

"ಡ್ರೈವರಿಗೆ ಹೊತ್ತಾಗುತ್ತೆ. ಇನ್ನೊಂದಿನ ಬರ್ತೀನಿ."

"ಹಂಗೇ ಮಾಡು" ಎಂದು ಅವನು ಬಾಗಿಲು ಹಾಕಿದ. ಕಾರು ತಿರುವು ತಿರುಗುವ ಮೊದಲೇ ಅವಳಿಗೆ ಇಳಿಯಬೇಕಿತ್ತು ಎನ್ನಿಸಿತು. ಆದರೂ ನಿಲ್ಲಿಸು ಎನ್ನಲಿಲ್ಲ.

ಕಾರ್ಯಕ್ರಮ ಪ್ರಸಾರವಾದ ದಿನ ಬಟ್ಟೆ ಕೋಣೆಯವರೆಲ್ಲ ಕಾವಲುಗಾರರ ಕೋಣೆಯ ಟಿವಿಗೆ ಮುತ್ತಿಗೆ ಹಾಕಿದರು. ಅಪ್ಪುಗೆಯನ್ನು ನಿಧಾನ ಮಾಡಿ, ಪಿಟೀಲು ಸೇರಿಸಿ, ಎರಡು ಸಲ ತೋರಿಸಿದರು. ಸಂಗೀತದ ಮೇಡಂ ವಿಷಯವಾಗಿ ಅವಳು ಕ್ಯಾಮೆರಾ ಮುಂದೆ ಹೇಳಿದ್ದೆಲ್ಲ ಮಾಯವಾಗಿತ್ತು. ಇಸ್ತ್ರಿಯ ಹೆಂಗಸು ಮೂಗು ಒರೆಸಿಕೊಳ್ಳುತ್ತ, "ಕಲ್ಲಿನ ಹಾಗೆ ಇರ್ತೀಯಲ್ಲೇ, ಎಷ್ಟೊಂದು ಒಳಗಿಟ್ಕೊಂಡಿದ್ದೆ!" ಎಂದಳು. ಆ ವಾರವಿಡೀ ನರ್ಸುಗಳು ಲಿಫ್ಟಿನ ಹತ್ತಿರ ನಿಲ್ಲಿಸಿ, "ತಮ್ಮ ಹೇಗಿದಾರೆ ಬೆಡ್‌ಶೀಟಕ್ಕಾ? ಮನೆಗೆ ಬಂದು ಹೋಗ್ತಾರಾ?" ಎಂದು ಕೇಳಿದರು. "ಬರ್ತಾನೆ, ಚೆನ್ನಾಗಿದಾನೆ" ಎಂದು ಹೇಳುತ್ತ ಬಂದಳು. ಹೆಡ್‌ಫೋನಿನ ಹೆಂಗಸಿಗೆ ಒಂದು ಸಂಜೆ ತಾನಾಗಿಯೇ ಫೋನು ಮಾಡಿದಳು. "ಹಲೋ, ಯಾರು ಮಾತಾಡ್ತಿರೋದು?" ಎಂದಳು ಆಕೆ. ಹೇಳಿದ ಮೇಲೆ, "ಓ, ಕರಡಿ ಮೇಡಂ! ಶೂಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ" ಎಂದಳು. ಮಾಡಲಿಲ್ಲ.

ಮುಂದಿನ ರಜೆಯ ದಿನ ಬೆಡ್‌ಶೀಟಕ್ಕ ಬಸ್ಸು ಹಿಡಿದು ತಮ್ಮನ ಮನೆಗೆ ಹೋದಳು. ಬಾಗಿಲಿಗೆ ಬೀಗ ಬಿದ್ದಿತ್ತು. ಎದುರು ಮನೆಯಾಕೆ ತಲೆ ಹೊರಗೆ ಹಾಕಿ ಅವಳನ್ನು ನೋಡಿ ಬಾಯಿ ತೆರೆದಳು.

"ಅಯ್ಯೋ, ಟಿವೀಲಿ ಬಂದೋರು! ಅವರಿಲ್ಲಮ್ಮಾ. ಮಗಳು ಬಂದು ತನ್ನೂರಿಗೆ ಕರ್ಕೊಂಡ್ಹೋದ್ಲು. ಪಾಪ, ಟಿವೀಲಿ ಅಪ್ಪ ಇಷ್ಟು ಬಡಕಲಾಗಿರೋದು ನೋಡಿ ಒಂದೇ ಸಮ ಅತ್ಲಂತೆ. ಮರುದಿನವೇ ಗಂಡನ ಜೊತೆ ಬಂದು, ಇನ್ಮೇಲೆ ಒಬ್ರೇ ಇರೋದು ಬೇಡ ಅಂತ ಗಂಟುಮೂಟೆ ಕಟ್ಟಿಸಿದ್ಲು. ನಿಮಗೆ ಹೇಳಿಲ್ವಾ?"

"ಹೇಳಿದ್ದ" ಎಂದಳು ಅವಳು. "ನಂಗೇ ಮರೆತುಹೋಯ್ತು."

ಆಕೆ ಕೊಟ್ಟ ನೀರು ಕುಡಿದು, ಮಗಳ ಫೋನ್ ನಂಬರು ಬರೆಸಿಕೊಂಡು, ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಫೋನು ಮಾಡಿದಳು. ತಮ್ಮನೇ ಎತ್ತಿದ. ಹಿಂದೆ ಮಕ್ಕಳ ಗಲಾಟೆ, ಪಾತ್ರೆಯ ಸದ್ದು.

"ಅಕ್ಕಾ? ನಿನ್ನ ನಂಬರ್ ನನ್ನ ಹತ್ರ ಇರಲಿಲ್ಲ. ಇಲ್ಲಿಗೆ ಬಂದ್ಬಿಟ್ಟೆ."

"ಒಳ್ಳೇದಾಯ್ತು ಬಿಡು. ಊಟ ಸರಿಯಾಗಿ ಮಾಡ್ತಿದೀಯಾ?"

"ಮಾಡದೆ ಬಿಡ್ತಾರಾ? ಮೊಮ್ಮಗಳು ತುತ್ತು ಎಣಿಸ್ತಾಳೆ. ನೀನೂ ಬಾ ಒಂದ್ಸಲ."

"ಬರ್ತೀನಿ. ರಜ ಸಿಗಲಿ."

ದೂರ ಎಷ್ಟೆಂದು ಇಬ್ಬರಿಗೂ ಗೊತ್ತಿತ್ತು. ಯಾರೋ ಅವನನ್ನು ಕರೆಯುತ್ತಿದ್ದರು. ಇಟ್ಟುಬಿಡುತ್ತಾನೆಂದು ಅವಳು ಅವಸರದಲ್ಲಿ ಕೇಳಿದಳು: "ಗುಂಡಾ, ನಿನ್ನ ಹೆಂಡ್ತಿ ಯಾವ ವಾರ್ಡಲ್ಲಿದ್ಲು?"

ಗಲಾಟೆ ದೂರವಾಯಿತು, ಅವನು ಎದ್ದು ಹೊರಗೆ ಬಂದಿರಬೇಕು. "ಐದನೇ ಮಹಡಿ. ಕೊನೇ ಕೋಣೆ, ಕಿಟಕಿ ಪಕ್ಕದ ಮಂಚ" ಎಂದ.

ಮರುದಿನ ಅವಳು ಐದನೇ ಮಹಡಿಯ ಚಾದರಗಳನ್ನು ಸಾಮಾನಿನ ಲಿಫ್ಟಿಗೆ ಹಾಕಲಿಲ್ಲ. ಎದೆಗವಚಿಕೊಂಡು ತಾನೇ ಹೊತ್ತು ಹೋದಳು. ಕೊನೆಯ ಕೋಣೆಯ ಕಿಟಕಿ ಪಕ್ಕದ ಮಂಚದಲ್ಲಿ ಯಾರೋ ಒಬ್ಬ ಹೆಂಗಸು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಬೆಡ್‌ಶೀಟಕ್ಕ ಕಿಟಕಿಯ ಹತ್ತಿರ ಹೋಗಿ ನಿಂತಳು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ಹಿಂಭಾಗದ ಅಂಗಳ, ನೀರಿನ ಟ್ಯಾಂಕು, ಗೋಡೆಯುದ್ದಕ್ಕೂ ಹತ್ತಿ ಬಂದ ದಪ್ಪನೆಯ ಕೊಳವೆ. ಅದರ ಬಾಯಿಂದ ಬಿಳಿ ಹಬೆ ಬುಸಬುಸನೆ ಏಳುತ್ತಿತ್ತು. ಅದು ತನ್ನ ಬಟ್ಟೆ ಕೋಣೆಯ ಹಬೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಯಾರು?" ಎಂದಳು ಮಂಚದ ಹೆಂಗಸು ಕಣ್ಣು ಬಿಡದೆ.

"ನಾನು. ಕೆಳಗಿನವಳು. ಚಾದರ ಬದಲಾಯಿಸೋಕೆ ಬಂದೆ."

"ಇವತ್ತು ಬೆಳಿಗ್ಗೆ ಬದಲಾಯಿಸಿದ್ರಲ್ಲ."

"ಹೌದಾ" ಎಂದಳು ಅವಳು. "ಪರವಾಗಿಲ್ಲ, ಸ್ವಲ್ಪ ಕೂತಿರ್ತೀನಿ." ಸ್ಟೂಲು ಎಳೆದುಕೊಂಡು ಕೂತಳು. ಹೆಂಗಸು ಬೇಡ ಎನ್ನಲಿಲ್ಲ.