ಸಂಪಿನ ಬಾಯಿಗೆ ಅಡ್ಡ ನಿಂತವಳು

ನನ್ನ ಮಗಳು ಸೌಂದರ್ಯಾ ಸರಕಿನ ಹಡಗಿನಲ್ಲಿ ಅಧಿಕಾರಿ. ನಮ್ಮ ತಾರ್ನಾಕದಿಂದ ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು. ಈಕೆ ರಜೆಗೆ ಬಂದರೆ ಮನೆಯೇ ಹಡಗು. ಗ್ಯಾಸ್ ಬಂದ್ ಮಾಡಿದಿಯಾ, ಮೆಟ್ಟಿಲ ಮೇಲೆ ಬಕೆಟ್ ಯಾಕೆ, ಒಂದೇ ವರಾತ. "ಏ ತಾಯಿ, ಇದು ಮನಿ ಐತಿ, ಹಡಗಲ್ಲ" ಎಂದು ನಾನೂ ಗದರುತ್ತಿದ್ದೆ.

ಮೇ ತಿಂಗಳು, ಬೋರು ಬತ್ತಿತ್ತು. ಅಂಗಳದ ಹಳೆಯ ಸಂಪು ತೊಳೆದು ಟ್ಯಾಂಕರ್ ನೀರು ತುಂಬಿಸೋಣ ಎಂದರು ನನ್ನ ಯಜಮಾನರು ಶಿವಶರಣಪ್ಪನವರು. ವರ್ಷಗಟ್ಟಲೆ ಮುಚ್ಚಿದ್ದ ನೆಲದೊಳಗಿನ ತೊಟ್ಟಿ, ತಳದಲ್ಲಿ ಕೊಳೆತ ಕೆಸರು.

"ಮುಚ್ಚಿದ ಜಾಗದಾಗ ಉಸಿರಾಡೋ ಗಾಳಿ ಇರಂಗಿಲ್ಲಪ್ಪಾ. ಮುಚ್ಚಳ ತಗದು ಒಂದಿನ ಬಿಡ್ರಿ" ಎಂದಳು ಮಗಳು.

"ಟ್ಯಾಂಕರಿನವ ನಿನ್ನ ಸಲುವಾಗಿ ಕಾಯತಾನೇನು?" ಎಂದು ನಾನೇ ಬಾಯಿ ಹಾಕಿದೆ. ಅವಳು ಮುಖ ಸಿಂಡರಿಸಿ, ಗಾಳಿ ಊದಿಸಲಾದರೂ ಫ್ಯಾನು ತರುತ್ತೇನೆಂದು ಒಳಗೆ ಹೋದಳು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಅಷ್ಟರಲ್ಲಿ ನನ್ನ ಕಿರಿಯ ಮಗ ಬಸವಕಿರಣ ಪ್ಯಾಂಟು ಮಡಚಿ ಏಣಿ ಇಳಿದೇಬಿಟ್ಟ.

ಧೊಪ್ಪೆಂದಿತು. ಬಗ್ಗಿ ನೋಡಿದರೆ ಹುಡುಗ ಗೋಡೆಗೊರಗಿ ಕುಸಿದಿದ್ದಾನೆ, ಕರೆದರೆ ಓಗೊಡಲಿಲ್ಲ. ಯಜಮಾನರು ಏಣಿಯತ್ತ ಧಾವಿಸಿದರು. ಸೌಂದರ್ಯಾ ಓಡಿ ಬಂದು ಅಪ್ಪನನ್ನು ಹಿಂದಕ್ಕೆ ನೂಕಿ, ಸಂಪಿನ ಬಾಯಿಗೆ ಅಡ್ಡ ನಿಂತಳು.

"ಯಾರೂ ಇಳಿಯಂಗಿಲ್ಲ!"

"ನಿನ್ನ ತಮ್ಮ ಸಾಯಾಕತ್ತಾನ, ದೂರ ಸರಿಯೇ ಪಾಪಿ!" ಎಂದು ಬೆಳೆದ ಮಗಳ ಕೆನ್ನೆಗೆ ರಪ್ಪನೆ ಬಾರಿಸಿದೆ.

ಅವಳು ಕದಲಲಿಲ್ಲ. "ಇನ್ನೊಂದು ಹೊಡಿಯವ್ವಾ. ಅಪ್ಪ ಇಳಿದ್ರ ಎರಡು ಹೆಣ ಆಗ್ತಾವ."

ನನ್ನ ಕೈಗೆ ಫೋನು ತುರುಕಿ ಅಗ್ನಿಶಾಮಕದವರನ್ನು ಕರೆ ಎಂದಳು. ತಂದಿದ್ದ ಫ್ಯಾನನ್ನು ಸಂಪಿನ ಬಾಯಿಗೆ ತಿರುಗಿಸಿ ಹಚ್ಚಿದಳು. ಬಟ್ಟೆ ಒಣಗಿಸುವ ಬಿದಿರಿನ ತುದಿಗೆ ಹಗ್ಗದ ಕುಣಿಕೆ ಕಟ್ಟಿ, ಮೇಲಿನಿಂದಲೇ ತಮ್ಮನ ತೋಳಿಗೆ ಸಿಕ್ಕಿಸಿದಳು. ಮೊದಲ ಸಲ ಜಾರಿತು. ಶಿವಶಿವಾ, ಆ ಕ್ಷಣ ನನ್ನ ಶತ್ರುವಿಗೂ ಬೇಡ. ಎರಡನೆಯ ಸಲ ಬಿಗಿಯಿತು. ಯಜಮಾನರು, ಕೂಗು ಕೇಳಿ ಓಡಿ ಬಂದ ಪಕ್ಕದ ಮನೆಯ ಪರಮೇಶ, ಅವಳು, ಮೂವರೂ ಸೇರಿ ಎಳೆದರು.

ಅಂಗಳದಲ್ಲಿ ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಹುಡುಗ ಕೆಮ್ಮಿದ.

ಸಂಜೆ ಆಸ್ಪತ್ರೆಯಲ್ಲಿ, ಹುಡುಗನಿಗೆ ಇನ್ನು ಭಯವಿಲ್ಲ ಎಂದರು ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಸೌಂದರ್ಯಾಳಿಗೆ ಚಹಾ ಕೊಟ್ಟೆ. ಕೇಳಬಾರದಿತ್ತು, ತಡೆಯಲಾಗಲಿಲ್ಲ: "ಒಡಹುಟ್ಟಿದವ ಹಂಗ ಬಿದ್ದಿದ್ದ. ಹೆಂಗ ನಿಂತಿ ನೀನು? ಕಲ್ಲೇನ ನಿನ್ನೆದಿ?"

"ಬಿದ್ದವರ ಹಿಂದ ಇಳೀಬ್ಯಾಡ ಅಂತ ಹಡಗಿನ್ಯಾಗ ಮೊದಲ ಕಲಿಸ್ತಾರವ್ವಾ. ನಾನೂ ಎಷ್ಟೋ ಮಂದಿಗೆ ಕಲಿಸೀನಿ." ಚಹಾ ಕುಡಿಯದೆ ಲೋಟವನ್ನು ಬೆಂಚಿನ ಮೇಲಿಟ್ಟಳು. "ನೀ ಹೊಡದಾಗ ನಾನ ಇಳಿಯಾಕ ಒಂದು ಕಾಲು ಏಣಿ ಮ್ಯಾಲಿಟ್ಟಿದ್ದೆ."

ಹೊಡೆದ ಆ ಕೆನ್ನೆಗೆ ನನ್ನ ಕೆನ್ನೆ ಒತ್ತಿ ಅತ್ತುಬಿಟ್ಟೆ.