ಜೋಡಿ ಗೂಡಿನ ಟ್ರಂಪೆಟ್

ಎಲ್ಲಿಂದ ಶುರು ಮಾಡಲಿ? ಆಷಾಢ, ಬುಧವಾರ, ಬೆಳಿಗ್ಗೆ ಹತ್ತೂವರೆ. ಬಯ್ಯಪ್ಪ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಂದ ಬಂದು ಕಾಲು ತೊಳೆಯುತ್ತಿದ್ದ ಅಂತ ಇಡೋಣ. (ಮೊದಲು ‘ತುತ್ತೂರಿ ಮೊಳಗಿತು’ ಅಂತ ಬರೆದಿದ್ದೆ. ಬಯ್ಯಪ್ಪನೇ ನಕ್ಕುಬಿಟ್ಟ: “ಆಷಾಢದಲ್ಲಿ ಯಾವನಯ್ಯಾ ಮೊಳಗಿಸ್ತಾನೆ? ಮದುವೇನೇ ಇಲ್ವಲ್ಲ!” ಹೊಡೆದುಹಾಕಿದೆ.)

೧. ಈ ಬಯ್ಯಪ್ಪ ರೇಷ್ಮೆಗೂಡು ಕೊಂಡು ನೂಲು ತೆಗೆಸುವವನು. ಲಗ್ನದ ಕಾಲದಲ್ಲಿ ಬ್ಯಾಂಡ್‌ಸೆಟ್ಟಿನ ಟ್ರಂಪೆಟ್. ನಲವತ್ತು ವರ್ಷ ಬೀದಿಯಲ್ಲೇ ಊದಿದ್ದಾನೆ. ಸ್ಟುಡಿಯೋದಲ್ಲಿ ಒಂದು ಸಲ ಊದಬೇಕು ಅನ್ನೋ ಆಸೆಗೂ ಅಷ್ಟೇ ವಯಸ್ಸು. ಮೊಮ್ಮಗಳು ತನುಜ ಕಂಪ್ಯೂಟರಿನಲ್ಲಿ ಸಿನಿಮಾಕ್ಕೆ ಸಂಗೀತ ಕಟ್ಟುತ್ತಾಳೆ.

“ತಾತ, ಇದು ಬ್ರಾಸ್ ಲೈಬ್ರರಿ, ಹಿತ್ತಾಳೆ ವಾದ್ಯಗಳದ್ದು. ಟ್ರಯಲ್ಲು ಶುಕ್ರವಾರದವರೆಗೆ. ಚೆನ್ನಾಗಿದ್ರೆ ಟ್ರಂಪೆಟ್ಟೆಲ್ಲ ಇದ್ರಲ್ಲೇ. ಇಲ್ದಿದ್ರೆ ನೀನೇ ಸ್ಟುಡಿಯೋಗೆ ಬಂದು ಊದು. ಹೇಳು.”

“ಲೈಬ್ರರೀಲಿ ಪುಸ್ತಕ ಅಲ್ವೇನಮ್ಮಾ ಇರೋದು?”

“ಅಯ್ಯೋ! ಯಾರೋ ಊದಿರೋ ಒಂದೊಂದು ಸ್ವರಾನೂ ರೆಕಾರ್ಡ್ ಮಾಡಿ ತುಂಬಿದ್ದಾರೆ. ಕೀ ಒತ್ತಿದ್ರೆ ಅದು ಬರುತ್ತೆ. ಸ್ಯಾಂಪಲ್ಲು ಅಂತಾರೆ.”

ಸ್ಯಾಂಪಲ್ಲು! ಬಯ್ಯಪ್ಪನ ಕಿವಿ ನೆಟ್ಟಗಾಯಿತು. ದಿನಾ ಮಾರ್ಕೆಟ್ಟಲ್ಲಿ ಹಿಡಿ ಗೂಡು ತೆಗೆದು ನೋಡಿ ರಾಶಿಗೆ ಬೆಲೆ ಕಟ್ಟುವ ಅವನ ಕೆಲಸವೇ ಅದು.

(ಓದುಗರೇ, ಎದುರಾಳಿಗೆ ತಾನೇ ಮಾರ್ಕ್ಸ್ ಹಾಕಬೇಕು ಪಾಪ. ಪಾಸು ಮಾಡಿದರೆ ಸ್ಟುಡಿಯೋ ಇಲ್ಲ.)

೨. ತನುಜ ಒತ್ತಿದಳು. ಹದಿನಾರು ಜನ ಒಟ್ಟಿಗೆ ಊದಿದ ಹಾಗೆ ಭರ್ರೋ ಅಂತು. ಪಕ್ಕದ ಮನೆ ಗಂಗುಲಮ್ಮ ಓಡಿಬಂದಳು: “ಆಷಾಢದಲ್ಲಿ ಯಾರದಮ್ಮಾ ಪೆಳ್ಳಿ? ಓಡಿಹೋಗಿ ಮದುವೆ ಆಗೋರದಾ?”

“ಮೇಲಿಂದು ಬೇಡ, ತಳದಿಂದ ತೆಗಿ,” ಅಂದ ಬಯ್ಯಪ್ಪ.

“ತಳ ಅಂದ್ರೆ?”

“ರಾಶಿ ಮೇಲೆ ಒಳ್ಳೇ ಗೂಡೇ ಇಟ್ಟಿರ್ತಾರೆ ಕಣಮ್ಮ. ಜೋರಾಗಿ ಯಾವನು ಬೇಕಾದ್ರೂ ಊದ್ತಾನೆ. ಮೆತ್ತಗಿರೋದು ತೋರ್ಸು.”

ಮೆತ್ತಗಿನ ಸ್ವರ ಬಂತು. ಬಯ್ಯಪ್ಪ ಸ್ಪೀಕರನ್ನೇ ಎತ್ತಿ, ಕಿವಿ ಹತ್ತಿರ ಹಿಡಿದು, ಗೂಡಿನೊಳಗೆ ಹುಳ ಸದ್ದು ಮಾಡುತ್ತಾ ಅಂತ ನೋಡುವ ಹಾಗೆ ಅಲುಗಾಡಿಸಿದ.

“ತಾತಾ! ವೈರು ಕಿತ್ಕೊಳುತ್ತೆ!”

“ಅದನ್ನೇ ನಾಲ್ಕು ಸಲ ಒತ್ತು.”

ಪಾ. ಪಾ. ಪಾ. ಪಾ.

“ಜೋಡಿ ಗೂಡು!” ಬಯ್ಯಪ್ಪ ಕುಣಿದುಬಿಟ್ಟ. “ಒಂದೇ ಗೂಡಲ್ಲಿ ಎರಡು ಹುಳ! ಎರಡನೇದೂ ಮೊದಲನೇದೇ, ನಾಲ್ಕನೇದೂ ಮೊದಲನೇದೇ. ಇಂಥದ್ರಲ್ಲಿ ನೂಲು ಬಿಚ್ಚಲ್ಲ, ಸಿಕ್ಕಾಕ್ಕೊಳುತ್ತೆ. ಮನುಷ್ಯ ನಾಲ್ಕು ಸಲ ಊದಿದ್ರೆ ನಾಲ್ಕು ಥರ ಕಣಮ್ಮ!”

(೩ ಹರಿದುಹಾಕಿದೆ. ಅದರಲ್ಲಿ ಬಯ್ಯಪ್ಪ ಅಳುತ್ತಿದ್ದ. ಅವನು ಒಪ್ಪಲಿಲ್ಲ.)

೪. ಮುಕ್ತಾಯ: ಲೈಬ್ರರಿ ಪೂರಾ ಕೆಟ್ಟದ್ದು ಅಂತ ಬಯ್ಯಪ್ಪ ತಳ್ಳಿಬಿಟ್ಟ.

“ಸುಳ್ಳು ಬರೀಬೇಡ. ಜೋರು ಸ್ವರ ಚೆನ್ನಾಗೇ ಅವೆ,” ಅಂದ ಬಯ್ಯಪ್ಪ.

ಇನ್ನೊಂದು ಮುಕ್ತಾಯ: ಪಾಸು ಮಾಡಿ, ತನ್ನ ಟ್ರಂಪೆಟ್ಟನ್ನು ಗೋಡೆಗೆ ನೇತುಹಾಕಿದ.

“ಥೂ, ನನ್ನ ತಿಥಿ ಮಾಡ್ತಿದೀಯೇನಯ್ಯಾ? ಜೋಡಿ ಗೂಡು ಸಿಕ್ತು ಅಂತ ರಾಶೀನೇ ಬಿಸಾಕ್ತಾರಾ? ಆರಿಸಿ ತೆಗೀತಾರೆ. ಜೋರಾಗಿರೋದು ಮಿಷನ್ನು ಊದ್ಲಿ. ಮೆತ್ತಗಿರೋದು ನಾನು.”

“ಹೊಸ ಹಲ್ಲಲ್ಲಿ ಮೆತ್ತಗೆ ಬರುತ್ತಾ?” ಅಂದೆ. (ಹೇಳೋದು ಮರೆತಿದ್ದೆ. ಜ್ಯೇಷ್ಠದ ಕೊನೇ ಮದುವೆ ಮುಗಿದ ಮೇಲೆ ಮುಂದಿನ ಹಲ್ಲು ಕಟ್ಟಿಸಿಕೊಂಡವನು ಇನ್ನೂ ಒಂದು ಸಲವೂ ಊದಿಲ್ಲ.)

ಬಯ್ಯಪ್ಪ ನಾಲಿಗೆಯಿಂದ ಹಲ್ಲು ಒತ್ತಿ ನೋಡಿಕೊಂಡ.

ಕೊನೆಗೆ, ಸ್ಟುಡಿಯೋಗೆ ಹೊರಟ ತನುಜಳಿಗೆ ಕೈ ಬೀಸಲು ಅವನನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದೆ. ಟ್ರಂಪೆಟ್ ಚೀಲ ಕಂಕುಳಲ್ಲಿ ಇಟ್ಟುಕೊಂಡು ಹತ್ತಿ, ತನುಜಳನ್ನು ಆಚೆಗೆ ತಳ್ಳಿ ಕಿಟಕಿ ಪಕ್ಕ ಕೂತೇಬಿಟ್ಟ.

“ಕೈ ನೀನೇ ಬೀಸಯ್ಯಾ!”

ಬೀಸಿದೆ. ಬಸ್ಸು ಮೇಲೂರಿನ ಕಡೆ ತಿರುಗಿತು. ಊದಿದನೇ? ಸ್ವರ ಬಂತೇ? ನನ್ನ ಕೇಳಬೇಡಿ, ನನ್ನನ್ನು ಹತ್ತಿಸಿಕೊಂಡರೆ ತಾನೇ! ತಾತ ಮೊಮ್ಮಗಳು ಇಬ್ಬರೂ ಹೋದರು, ಶುಕ್ರವಾರ ಬೆಳಿಗ್ಗೆ.