ಮೂವತ್ತೊಂದು ಜನ ಸೇರಿದರು, ನಾಲ್ವರು ಮುಗಿಸಿದರು

ಸೊಸೆ ಊಟದ ಮೇಜಿನ ಮೇಲೆ ಒಂದು ಪಟ್ಟಿ ಹರಡಿಕೊಂಡು ಕೂತಿದ್ದಳು. ಅದರಲ್ಲಿ ನನ್ನ ಮೇಲೆ ಅಪವಾದ ಹೊರಿಸಿದ್ದಾರೆಂದು ನನಗೇನು ಗೊತ್ತು.

ಸೊಸೆ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ಹಗಲೆಲ್ಲ ಊರಿನವರ ನಲ್ಲಿ ದೂರು ಬರೆದುಕೊಂಡು, ಸಂಜೆ ವಿಶ್ವವಿದ್ಯಾಲಯಕ್ಕೆ ಓಡಿ, ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಓದುತ್ತಿದ್ದಳು. ಮೂರು ವರ್ಷದಲ್ಲಿ ಅವಳು ಓದಿದ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದರೆ ನಮ್ಮ ಬೀದಿಯ ನೀರಿನ ಟ್ಯಾಂಕಿಗಿಂತ ಎತ್ತರವಾದೀತು. ನಾನು ಓದಿದ್ದು ಮೂರನೇ ತರಗತಿ, ಅದೂ ಎರಡು ಸಲ. ಹಾಗಾಗಿ ಆರನೆಯದೆಂದೇ ಹೇಳಿಕೊಳ್ಳುತ್ತೇನೆ.

ಪರೀಕ್ಷೆಗಳೆಲ್ಲ ಮುಗಿದು ಅವಳಿಗೆ ಉಳಿದದ್ದು ಒಂದು ವರದಿ. ತಾನು ಕೆಲಸ ಮಾಡುವ ಕಚೇರಿಯ ಬಗ್ಗೆ ಏನಾದರೂ ಪತ್ತೆ ಮಾಡಿ ಬರೆಯಬೇಕು. ಅದಕ್ಕೆ ಆ ಕಚೇರಿಯ ಮೇಲಧಿಕಾರಿಯ ಸಹಿ ಬೇಕು. ತಿಂಗಳ ಕೊನೆಯ ಶುಕ್ರವಾರ ಸಂಜೆ ಐದರೊಳಗೆ ವಿಭಾಗದ ಕಿಟಕಿಯಲ್ಲಿ ಕೊಡಬೇಕು. ತಪ್ಪಿದರೆ ಮೂರು ವರ್ಷದ ಓದು ಅಲ್ಲಿಗೆ ಮುಗಿಯಿತು.

ಇವಳು ಹುಡುಕಿಕೊಂಡ ವಿಷಯ ಹೀಗಿತ್ತು: ಹತ್ತು ವರ್ಷದಲ್ಲಿ ತನ್ನ ಕಚೇರಿಯಿಂದ ಇದೇ ಎಂ.ಎ.ಗೆ ಸೇರಿದವರೆಷ್ಟು, ಮುಗಿಸಿದವರೆಷ್ಟು? ಸೇರಿದವರು ಮೂವತ್ತೊಂದು, ಮುಗಿಸಿದವರು ನಾಲ್ಕು. ಸೇರುವವರು ವರ್ಷ ವರ್ಷ ಹೆಚ್ಚುತ್ತಲೇ ಇದ್ದರು, ಮುಗಿಸುವವರು ಮಾತ್ರ ಇಲ್ಲ.

"ಉಳಿದ ಇಪ್ಪತ್ತೇಳು ಜನ ಎಲ್ಲಿ ಕರಗಿಹೋದ್ರು?" ಎಂದೆ.

"ಬಿಡುವಾಗ ಒಂದು ಫಾರಂ ತುಂಬ್ತಾರೆ ಅತ್ತೆ. ಅದ್ರಲ್ಲಿ ಮೂರೇ ಚೌಕ. ಆರೋಗ್ಯ, ವರ್ಗಾವಣೆ, ಮನೆ ಕಾರಣ. ಮೂರು ಜನ ವರ್ಗಾವಣೆ ಅಂದಿದ್ದಾರೆ. ಇಪ್ಪತ್ನಾಲ್ಕು ಜನ ಮನೆ ಕಾರಣ."

"ಮನೆ ಕಾರಣ ಅಂದ್ರೆ?"

ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ನನ್ನ ಮಗ ತಲೆ ಎತ್ತದೆ ಹೇಳಿದ: "ಅತ್ತೆ ಕಾಟ ಅಂತಮ್ಮ. ಮರ್ಯಾದೆಗೆ ಹಾಗೆ ಬರೀತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಇಪ್ಪತ್ನಾಲ್ಕು ಮನೇಲೂ ನನ್ನಂಥವಳು ಇದ್ದಾಳಾ? ಸಾಧ್ಯನೇ ಇಲ್ಲ. ನನ್ನಂಥವಳನ್ನ ಮಾಡಿದ ಮೇಲೆ ದೇವರು ಅಚ್ಚು ಒಡೆದು ಹಾಕಿದ. ನಡಿ, ಒಂದೊಂದು ಮನೆಗೂ ಹೋಗಿ ಕೇಳೋಣ."

ಹೋದೆವು. ಆರು ವಾರ, ಇಪ್ಪತ್ನಾಲ್ಕು ಮನೆ, ನಾನು ಹತ್ತಿದ ಮೆಟ್ಟಿಲು ಲಕ್ಷಕ್ಕೆ ಕಡಿಮೆಯಿಲ್ಲ. ಸೊಸೆ ಕೇಳಿದರೆ ಎಲ್ಲರೂ ನಗುನಗುತ್ತಾ ಒಂದು ಸುಳ್ಳು ಹೇಳಿ ಟೀ ಕೊಡುತ್ತಿದ್ದರು. ಟೀ ಮುಗಿಯುವಷ್ಟರಲ್ಲಿ ನನ್ನ ಕೆಲಸ ಶುರುವಾಗುತ್ತಿತ್ತು.

ಮೀಟರ್ ನೋಡುವವನ ಮನೆ ಮೊದಲನೆಯದು. "ಮಕ್ಕಳ ಓದಿಗೆ ತೊಂದ್ರೆ ಆಗ್ತಿತ್ತು, ಬಿಟ್ಟೆ" ಎಂದ. ಮನೆಯಲ್ಲಿ ಒಂದು ಚಿಕ್ಕ ಚಪ್ಪಲಿಯೂ ಇರಲಿಲ್ಲ, ಗೋಡೆಯ ಮೇಲೆ ಒಂದು ಗೀಚೂ ಇರಲಿಲ್ಲ.

"ಮಕ್ಕಳೆಲ್ಲಪ್ಪ?" ಎಂದೆ.

ಅವನು ಕಿವಿ ತುರಿಸಿಕೊಂಡ. "ಆಗ್ತಾವೆ ಅಜ್ಜಿ. ಮೊದಲು ಮದುವೆ ಆಗ್ಬೇಕು."

"ಹುಟ್ಟದೇ ಇರೋ ಮಕ್ಕಳು ನಿನ್ನ ಓದು ಬಿಡಿಸಿದ್ವಾ? ಬಹಳ ಚುರುಕು ಮಕ್ಕಳು."

ನಕ್ಕುಬಿಟ್ಟ. ನಕ್ಕವನು ಸುಳ್ಳು ಮುಂದುವರಿಸಲಾರ, ಇದು ನನ್ನ ಅನುಭವ. "ವರದಿ ಕೊಟ್ಟಿದ್ದೆ ಅಜ್ಜಿ. ಸಹಿ ಮಾಡ್ತೀನಿ ಅಂತ ದೊಡ್ಡವರು ಡ್ರಾಯರ್‌ಗೆ ಹಾಕ್ಕೊಂಡ್ರು. ಪದವಿ ಬಂದ್ರೆ ನನ್ನ ಕುರ್ಚಿ ಕೇಳ್ತೀಯೇನಯ್ಯಾ ಅಂದ್ರು. ಎಂಟು ತಿಂಗಳು ಅಲ್ಲೇ ಇತ್ತು, ಗಡುವು ಮುಗೀತು."

"ಅದನ್ನೇ ಫಾರಂನಲ್ಲಿ ಬರೀಬಾರ್ದಿತ್ತಾ?"

"ಡ್ರಾಯರ್ ಅಂತ ಚೌಕ ಇರ್ಲಿಲ್ವಲ್ಲ."

ದೊಡ್ಡವರು ಎಂದರೆ ಆ ಕಚೇರಿಯ ಮುಖ್ಯಾಧಿಕಾರಿ. ಅವರೇ ಎಂ.ಎ. ಓದಿಲ್ಲವೆಂದು ಕಚೇರಿಯ ಗೋಡೆಗಳಿಗೂ ಗೊತ್ತು. ಇಪ್ಪತ್ನಾಲ್ಕರಲ್ಲಿ ಹತ್ತೊಂಬತ್ತು ಜನರ ವರದಿ ಅವರ ಡ್ರಾಯರಿನಲ್ಲೇ ಸತ್ತಿತ್ತು. ನಾಲ್ಕು ಮನೆಗಳಲ್ಲಿ ನಿಜವಾಗಿಯೂ ಕಷ್ಟವಿತ್ತು, ಅಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂತೆ. ಒಂದು ಮನೆಯಲ್ಲಿ ಮಾತ್ರ ಅತ್ತೆಯೇ ಬಿಡಿಸಿದ್ದಳು. ಅವಳಿಗೆ ನಾನು ಬೈದದ್ದು ಮೂರು ಬೀದಿಗೆ ಕೇಳಿಸಿತಂತೆ.

ಇದನ್ನೆಲ್ಲ ಸೊಸೆ ವರದಿಯ ಹದಿನೆಂಟನೇ ಪುಟದಲ್ಲಿ ಬರೆದಳು. ಯಾರ ಹೆಸರೂ ಇಲ್ಲ. ಎಷ್ಟು ಜನ, ಎಲ್ಲಿ ನಿಂತರು, ಅಷ್ಟೇ. ಸೋಮವಾರ ದೊಡ್ಡವರ ಕೈಗೆ ಕೊಟ್ಟಳು. ಗುರುವಾರ ಅವರು ಅದನ್ನು ವಾಪಸು ಕೊಟ್ಟು, ಹದಿನೆಂಟನೇ ಪುಟ ತೆಗೆದರೆ ಸಹಿ ಹಾಕುತ್ತೇನೆ ಎಂದರಂತೆ.

ಆ ಸಂಜೆ ನಾನೇ ಹೇಳಿದೆ. "ಒಂದು ಪುಟ ತಾನೇ, ತೆಗೆದು ಬಿಸಾಕು ಮಾರಾಯ್ತಿ. ಪದವಿ ಮನೆಗೆ ಬರ್ಲಿ."

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ತೆಗೆದ್ರೆ ಮತ್ತೆ ಮನೆ ಕಾರಣ ಅಂತಲೇ ಉಳಿಯುತ್ತೆ ಅತ್ತೆ. ಮುಂದಿನ ವರ್ಷ ಇನ್ನೂ ಹತ್ತು ಜನ ಸೇರ್ತಾರೆ, ಅವ್ರೂ ಅಲ್ಲೇ ಹೋಗಿ ನಿಲ್ತಾರೆ. ಇಪ್ಪತ್ತೆಂಟನೆಯವಳಾಗಿ ನಾನೂ ಬಿಡ್ತೀನಿ ಬೇಕಾದ್ರೆ. ಸುಳ್ಳು ವರದಿ ಕೊಡಲ್ಲ."

"ಮೂರು ವರ್ಷ ಕಣೇ."

"ಮೂರು ವರ್ಷ ಓದಿದ್ದು ಇದನ್ನೇ."

ನಾನೂ ಒಂದು ಸೀರೆ ಎತ್ತಿಕೊಂಡು ಮಡಚುತ್ತಾ, "ನಾಳೆ ನಾನೂ ಬರ್ತೀನಿ" ಎಂದೆ.

ಶುಕ್ರವಾರ ಮೂರು ಗಂಟೆಗೆ ಇಬ್ಬರೂ ದೊಡ್ಡವರ ಕೋಣೆಯಲ್ಲಿದ್ದೆವು. ಕಡತಗಳು ಕಪಾಟು ತುಂಬಿ, ಕುರ್ಚಿ ತುಂಬಿ, ನೆಲಕ್ಕಿಳಿದಿದ್ದವು. ನಡುವೆ ದೊಡ್ಡವರು, ಸುಸ್ತಾದ ಮುಖದವರು. ಕ್ರೂರ ಮುಖವಲ್ಲ. ಅದನ್ನು ನೋಡಿ ನನಗೆ ಸ್ವಲ್ಪ ನಿರಾಸೆಯೇ ಆಯಿತು.

"ಅಮ್ಮ, ನೀವ್ಯಾಕೆ ಬಂದ್ರಿ?"

"ಹೆದರ್ಬೇಡಿ, ನಲ್ಲಿ ದೂರಲ್ಲ" ಎಂದೆ. "ನೀವು ಸಹಿ ಹಾಕೋದನ್ನ ನೋಡೋಕೆ. ಹತ್ತು ವರ್ಷಕ್ಕೊಂದು ಸಲ ಕಾಣೋ ಸಂಗತಿಯಂತೆ."

ಅವರು ಸೊಸೆಯತ್ತ ತಿರುಗಿದರು. "ಪುಟ ತೆಗೆದ್ಯಾ?"

"ಇಲ್ಲ ಸರ್. ಅದ್ರಲ್ಲಿ ತಪ್ಪಿದ್ರೆ ತೋರಿಸಿ, ಈಗಲೇ ತಿದ್ತೀನಿ."

"ತಪ್ಪು ಅಂತಲ್ಲ. ಕಚೇರಿಗೆ ಶೋಭೆ ಅಲ್ಲ."

ಸೊಸೆ ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಅವರ ಮುಂದಿಟ್ಟಳು. "ಹಾಗಾದ್ರೆ ಯಾಕೆ ಸಹಿ ಹಾಕಲ್ಲ ಅಂತ ಇದ್ರಲ್ಲಿ ಬರೆದು ಕೊಡಿ ಸರ್. ಅದನ್ನೇ ಹತ್ತೊಂಬತ್ತನೇ ಪುಟ ಮಾಡಿ ವಿಭಾಗಕ್ಕೆ ಕೊಡ್ತೀನಿ."

ಮೂವತ್ತು ವರ್ಷ ಕಾರಣ ಬರೆದ ಕೈ ಅದು. ಎಲ್ಲಿ ಪೈಪು ಒಡೆಯಿತು, ಯಾಕೆ ನೀರು ಬರಲಿಲ್ಲ, ನಿದ್ದೆಯಲ್ಲೂ ಬರೆದಾರು. ಪೆನ್ನು ಎತ್ತಿಕೊಂಡು 'ಸದರಿ ವರದಿಯು' ಎಂದು ಬರೆದರು, ಹೊಡೆದು ಹಾಕಿದರು. ಇನ್ನೊಂದು ಹಾಳೆ ತೆಗೆದುಕೊಂಡರು. ಅದನ್ನೂ ಮುದುರಿದರು. ಗೋಡೆ ಗಡಿಯಾರದಲ್ಲಿ ಮೂರೂವರೆ ದಾಟಿತು. ಸೊಸೆ ಮಾತ್ರ ಕಂಬದ ಹಾಗೆ ನಿಂತಿದ್ದಳು.

"ಇದ್ರಲ್ಲಿ ನನ್ನ ಹೆಸರಿಲ್ಲ ತಾನೇ?" ಎಂದು ಕೊನೆಗೆ ಕೇಳಿದರು.

"ಯಾರ ಹೆಸರೂ ಇಲ್ಲ ಸರ್."

ಮೂರು ಮುಕ್ಕಾಲಿಗೆ ಸಹಿ ಬಿತ್ತು. ನಾನು ಅವಳ ತೋಳು ಹಿಡಿದು ಎಳೆದೆ. ಅವಳು ಕದಲಲಿಲ್ಲ.

"ಸರ್, ಈ ವರ್ಷದ್ದೇ ಇನ್ನೆರಡು ವರದಿ ನಿಮ್ಮ ಡ್ರಾಯರ್‌ನಲ್ಲಿವೆ. ಟೈಪಿಸ್ಟದ್ದು, ಪಂಪ್‌ಹೌಸಿನವರದ್ದು. ಅವಕ್ಕೂ ಇವತ್ತೇ ಕೊನೆ."

"ಓದಿ ನೋಡ್ಬೇಕಮ್ಮ."

"ನೋಡಿ ಸರ್. ಕಾಯ್ತೀವಿ."

ಕುರ್ಚಿಯ ಮೇಲಿದ್ದ ಕಡತಗಳನ್ನು ಎತ್ತಿ ಕೆಳಗಿಟ್ಟು ನಾನು ಕೂತೆ. "ಕೈಲಾದ್ರೆ ಬೇಗ ಓದಿ. ನನಗೆ ಎಂಬತ್ತು ವರ್ಷ, ಇಲ್ಲೇ ಏನಾದ್ರೂ ಆದ್ರೆ ಅದಕ್ಕೂ ನೀವೇ ಕಾರಣ ಬರೀಬೇಕಾಗುತ್ತೆ."

ಎಪ್ಪತ್ತೊಂದು ಎಂದು ಹೇಳಿದ್ದರೆ ಅವರು ಅಷ್ಟು ಬೇಗ ಓದುತ್ತಿರಲಿಲ್ಲ.

ವಿಭಾಗದ ಕಿಟಕಿ ತಲುಪಿದಾಗ ಐದಕ್ಕೆ ಆರು ನಿಮಿಷ. ಒಳಗಿದ್ದವನು ಬೀಗ ಕೈಯಲ್ಲಿ ಹಿಡಿದು ನಿಂತಿದ್ದ. ಸೊಸೆ ಮೂರು ವರದಿಗಳನ್ನೂ ಒಳಗೆ ತೂರಿಸಿದಳು. ಅವನು ಬೀಗ ಕೆಳಗಿಟ್ಟು, ಒಂದೊಂದರ ಸಹಿಯನ್ನೂ ನೋಡಿ, ಮುದ್ರೆ ಒತ್ತಿದ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

"ಇನ್ನಾದ್ರೂ ಒಂಚೂರು ನಗ್ತೀಯಾ?" ಎಂದೆ.

"ಮೌಖಿಕ ಪರೀಕ್ಷೆ ಇದೆ ಅತ್ತೆ. ಆ ಪುಟದ ಮೇಲೇ ಕೇಳ್ತಾರೆ" ಎಂದವಳು ಕಿಟಕಿಯವನ ಕಡೆ ತಿರುಗಿ ಅದರ ತಾರೀಖು ಕೇಳಿದಳು. ಅದನ್ನು ಅಂಗೈ ಮೇಲೆ ಬರೆದುಕೊಂಡು, ಟೈಪಿಸ್ಟಿಗೆ ಫೋನ್ ಹಚ್ಚಿದಳು.